ಕೆಂಪು ದೀಪ ಕಂಡು ಸರಿದವರು

“ಹಿಂದೆ ತಿರುಗಿ ಮೇಡಂ! ಎಲ್ಲರೂ ಬರೀ ಮುಂದೇ ನೋಡ್ತಾರೆ!”

ಹಾಗೆಂದ ಯಜಮಾನರು ಊರುಗೋಲಿನಿಂದ ನನ್ನ ತಿರುಗುವ ಕುರ್ಚಿಗೆ ಒಂದು ನೂಕು ಕೊಟ್ಟರು. ಕುರ್ಚಿ ಗಿರ್ರೆಂದಿತು. ಕಣ್ಣಿಗೆ ಕಟ್ಟಿಕೊಂಡಿದ್ದ ಹೆಡ್‌ಸೆಟ್ಟಿನೊಳಗೆ ಯಾರದೋ ಅಡುಗೆಮನೆಯ ಕಟ್ಟೆ ಸುಳಿಯಿತು, ಕಿಟಕಿ ಸುಳಿಯಿತು, ಆಮೇಲೆ ಮೂಲೆಯಲ್ಲಿ ಒಂದು ಕೈ ಎತ್ತಿ ನೆಟ್ಟಗೆ ನಿಂತ ಒಬ್ಬ ಹೆಂಗಸು.

ನಾನು ಕಿಟಾರನೆ ಕಿರುಚಿಕೊಂಡೆ. ತಲೆ ಅರ್ಧ ನರೆತ ಪತ್ತೇದಾರಳಿಗೆ ಇದು ಶೋಭೆಯಲ್ಲ, ಒಪ್ಪುತ್ತೇನೆ.

“ಹೆದರ್ಬೇಡಿ, ಅದು ನನ್ನ ಸೊಸೆ,” ಯಜಮಾನರು ಬೊಚ್ಚುಬಾಯಿ ಬಿಟ್ಟು ನಕ್ಕರು. “ಎಷ್ಟೋ ಮನೇಲಿ ಹಿಂಗೇ ಎಲ್ಲಾದ್ರೂ ಒಂದ್ಕಡೆ ಸಿಕ್ತಾಳೆ.”

ಚಿತ್ರದಲ್ಲಿ ತಾನೂ ಇರಬೇಕೆಂಬ ಆಸೆ ಯಾರಿಗಿಲ್ಲ ಎಂದುಕೊಂಡು ನಾನು ಅದನ್ನು ಅಲ್ಲಿಗೇ ಬಿಟ್ಟೆ.

ನನ್ನನ್ನು ಈ ಮನೆಗೆ ಕರೆಸಿದ್ದು ಆ ಸೊಸೆಯೇ. ಮಾರಾಟಕ್ಕಿದ್ದ ಒಂದು ಖಾಲಿ ಮನೆಯ ಮಹಡಿಯಿಂದ ಅವಳ ಗಂಡ ಬಿದ್ದದ್ದು ಕಾಲು ಜಾರಿ ಅಲ್ಲ, ಯಾರೋ ತಳ್ಳಿದ್ದಾರೆ ಎಂಬುದು ಅವಳ ಹಟ. ಪೊಲೀಸರು ಕಾಲು ಜಾರಿದ್ದು ಎಂದು ಕೈ ತೊಳೆದುಕೊಂಡಿದ್ದರು.

ಇವತ್ತು ಸಂಜೆ ಅವನನ್ನು ಆಸ್ಪತ್ರೆಯಿಂದ ಮನೆಗೆ ಕಳಿಸುತ್ತಾರೆ. ಕಣ್ಣು ಬಿಡುತ್ತಾನೆ, ಬಾಯಿಗೆ ಹಾಕಿದ್ದನ್ನು ನುಂಗುತ್ತಾನೆ. ಆದರೆ ಮಾತಿಲ್ಲ, ಕೈಕಾಲಿಗೆ ಸ್ವಾಧೀನವಿಲ್ಲ. ಅವನನ್ನು ತಳ್ಳಿದವರು ಈ ಮನೆಯವರೇ ಆಗಿದ್ದರೆ, ನಾವೇ ಹೊತ್ತುತಂದು ಅವರ ಕೈಗೆ ಒಪ್ಪಿಸಿದ ಹಾಗಾಗುತ್ತದೆ. ಆ ಯೋಚನೆಗೆ ನನಗೆ ಎರಡು ದಿನದಿಂದ ಊಟ ರುಚಿಸುತ್ತಿಲ್ಲ.

“ಇದು ಹಳೇ ಮನೆ. ನಿಮಗೆ ಅಭ್ಯಾಸ ಆಗ್ಲಿ ಅಂತ ಹಾಕ್ದೆ,” ಎಂದರು ಯಜಮಾನರು. “ಈಗ ಹೊಸದಕ್ಕೆ ಹೋಗೋಣ. ಡಿಪೋ ಪುಟಕ್ಕೆ ವಾಪಸ್ ಬನ್ನಿ.”

ಡಿಪೋ ಅಂದರೆ ಟಿವಿಯ ಹಿಂದೆ ಧೂಳು ತಿನ್ನುತ್ತ ಕೂತಿದ್ದ ಒಂದು ಹಳೆಯ ಕಂಪ್ಯೂಟರ್.

ಯಜಮಾನರು ಬಸ್ ಓಡಿಸಿ ನಿವೃತ್ತರಾದವರು. ಸೊಂಟ ಮುರಿದು ಗಾಲಿಕುರ್ಚಿ ಹಿಡಿದ ಮೇಲೆ ಹಾಲ್‌ನಿಂದ ಬಚ್ಚಲಿಗೆ ಹೋಗಿಬರುವುದೇ ಅವರಿಗೆ ದೂರದ ಪ್ರಯಾಣವಾಗಿತ್ತು. ಅಪ್ಪನಿಗೆ ಹೊತ್ತು ಹೋಗಲೆಂದು ದೊಡ್ಡ ಮಗ ಆ ಕಂಪ್ಯೂಟರನ್ನೇ ಸರ್ವರ್ ಮಾಡಿ, ತಾನು ತೆಗೆದ ವಿಡಿಯೊಗಳನ್ನೆಲ್ಲ ಅದರಲ್ಲಿ ತುಂಬಿಟ್ಟಿದ್ದ. ಮಾರುವ ಮನೆಗಳನ್ನು ಸುತ್ತಲೂ ಕಣ್ಣಿರುವ ಕ್ಯಾಮೆರಾದಲ್ಲಿ ತೆಗೆದುಕೊಡುವುದು ಅವನ ಕೆಲಸ; ಕೊಳ್ಳುವವರು ಕೂತಲ್ಲೇ ಮನೆಯೆಲ್ಲ ನೋಡಬಹುದು. ಇಲ್ಲಿ ಹೆಡ್‌ಸೆಟ್ ಹಾಕಿ ಬ್ರೌಸರ್ ತೆರೆದರೆ ಪುಟದ ತುಂಬ ಮನೆಗಳ ಚಿತ್ರ. ಒಂದನ್ನು ಒತ್ತಿದರೆ ಆ ಮನೆಯೊಳಗೆ ನೀವು. ಇಂಟರ್ನೆಟ್ಟಿಗೂ ಇದಕ್ಕೂ ಸಂಬಂಧವಿಲ್ಲ. ಈ ಮನೆಯ ವೈಫೈ ದಾಟಿದರೆ ಆ ಪುಟ ತೆರೆಯುವುದೇ ಇಲ್ಲ.

“ದೊಡ್ಡೋನು ಬಿದ್ದ ಮೇಲೆ ಡಿಪೋ ಕಡೆ ನಾನು ತಿರುಗೂ ನೋಡಿರ್ಲಿಲ್ಲ,” ಯಜಮಾನರ ದನಿ ಸ್ವಲ್ಪ ಇಳಿಯಿತು. “ಅವನು ಅಲ್ಲಿ ಮಲಗಿರೋವಾಗ ನಾನು ಇಲ್ಲಿ ಊರು ಸುತ್ತೋದಾ? ಮನಸ್ಸು ಬರಲಿಲ್ಲ. ಇವತ್ತು ಬರ್ತಾನಲ್ಲ, ಖುಷಿಗೆ ತೆಗೆದೆ. ನೋಡಿದ್ರೆ ಎಲ್ಲಕ್ಕಿಂತ ಮೇಲೆ ಒಂದು ಹೊಸ ಮನೆ ನಿಂತಿದೆ. ಖಾಲಿ ಹಾಲ್. ನನ್ನ ಮಗ ನಡ್ಕೊಂಡು ಹೋಗೋದು ಕಾಣಿಸ್ತು. ಮುಂದೆ ನೋಡಕ್ಕಾಗ್ಲಿಲ್ಲ, ಕಿತ್ತಿಟ್ಟು ನಿಮಗೆ ಫೋನ್ ಮಾಡ್ದೆ.”

ಹೆಡ್‌ಸೆಟ್ ಕಳಚಿ ಅವರ ಮುಖ ನೋಡಿದೆ. “ಯಜಮಾನ್ರೇ, ಅದು ಇಲ್ಲಿಗೆ ಹ್ಯಾಗೆ ಬಂತು? ನಿಮ್ಮ ಮಗ ಅಲ್ಲಿಂದ ಮನೆಗೆ ಬರಲೇ ಇಲ್ವಲ್ಲ!”

“ತಾನಾಗೇ ಬರುತ್ತೆ. ಕ್ಯಾಮೆರಾನ ಈ ಮನೆಯೊಳಗೆ ಆನ್ ಮಾಡಿದ್ರೆ ಸಾಕು, ಅದರಲ್ಲಿರೋ ಹೊಸದೆಲ್ಲ ಡಿಪೋಗೆ ಬಂದು ನಿಲ್ಲುತ್ತೆ. ಯಾರೂ ಏನೂ ಒತ್ತೋದು ಬೇಡ. ದೊಡ್ಡೋನು ಹಂಗೆ ಮಾಡಿಟ್ಟಿದಾನೆ.”

ನಾನು ಕಪಾಟಿನ ಕಡೆ ತಿರುಗಿದೆ.

ಆ ಕ್ಯಾಮೆರಾವನ್ನು ನಾನೇ ಕೈಯಲ್ಲಿ ಹಿಡಿದು ನೋಡಿದ್ದೆ. ಪೊಲೀಸರು ಖಾಲಿ ಮನೆಯಿಂದ ತಂದು ಚಿಕ್ಕ ಮಗನ ಕೈಗೆ ಕೊಟ್ಟಿದ್ದರು, ಅವನು ಈ ಹಾಲ್‌ನ ಕಪಾಟಿನಲ್ಲಿಟ್ಟಿದ್ದ. ನಾನು ನೋಡುವ ಹೊತ್ತಿಗೆ ಅದರೊಳಗೆ ಏನೂ ಇರಲಿಲ್ಲ. ಕೆಲಸ ಶುರುಮಾಡುವ ಮೊದಲೇ ಬಿದ್ದಿದ್ದಾನೆ ಎಂದು ಎಲ್ಲರೂ ಅಂದುಕೊಂಡರು. ನಾನೂ ಎಲ್ಲರಲ್ಲಿ ಒಬ್ಬಳು.

ಹಾಗಾದರೆ ಯಾರೋ ಇದೇ ಮನೆಯಲ್ಲಿ ಅದನ್ನು ಆನ್ ಮಾಡಿದ್ದಾರೆ. ಒಳಗಿದ್ದುದನ್ನು ನೋಡಿದ್ದಾರೆ, ಅಳಿಸಿದ್ದಾರೆ. ಅಷ್ಟರಲ್ಲಿ ಅದು ಟಿವಿಯ ಹಿಂದೆ ಹೋಗಿ ಕೂತಾಗಿತ್ತು ಎಂಬುದು ಅವರಿಗೆ ಗೊತ್ತಿಲ್ಲ.

“ಹಿಂಗೆ ತಾನಾಗೇ ಬರುತ್ತೆ ಅನ್ನೋದು ಯಾರಿಗೆಲ್ಲ ಗೊತ್ತು?”

“ನಂಗೆ, ದೊಡ್ಡೋನಿಗೆ.”

“ಸೊಸೆಗೆ?”

“ಗೊತ್ತಿರಬಹುದು, ಇಲ್ದೆ ಇರಬಹುದು. ಡಿಪೋ ನಮ್ಮಿಬ್ಬರ ಆಟ.”

“ಚಿಕ್ಕ ಮಗನಿಗೆ?”

“ಅವನಾ! ಅಣ್ಣನ ಆಟದ ಸಾಮಾನು ಅಂತ ಆಡ್ಕೋತಾನೆ. ಯಾಕೆ?”

ನಾನು ಮತ್ತೆ ಹೆಡ್‌ಸೆಟ್ ಏರಿಸಿಕೊಂಡೆ.

*

ಮಹಡಿಯ ಮೇಲಿನ ದೊಡ್ಡ ಹಾಲ್. ನಡುವೆ ನಾನು, ಅಂದರೆ ಕ್ಯಾಮೆರಾ. ಎದುರಿಗೆ ಸಾಲು ಕಿಟಕಿ, ಹೊರಗೆ ಜಡಿಮಳೆ. ಎಡಕ್ಕೆ ಕೆಳಗಿಳಿಯುವ ಮೆಟ್ಟಿಲು. ಶಬ್ದವೇ ಇಲ್ಲ, ಇಂಥ ವಿಡಿಯೊಗಳಿಗೆ ಆಮೇಲೆ ಸಂಗೀತ ಸೇರಿಸುತ್ತಾರಂತೆ, ಹಾಗಾಗಿ ಮೈಕ್ ಬಂದ್ ಮಾಡಿರುತ್ತಾರೆ.

ದೊಡ್ಡ ಮಗ ಕೈಯಲ್ಲಿದ್ದ ಫೋನ್ ಒತ್ತಿ, ನನ್ನ ಪಕ್ಕದಲ್ಲೇ ಹಾದು, ಮೆಟ್ಟಿಲಿಳಿದು ಮರೆಯಾದ. ಆಸ್ಪತ್ರೆಯ ಹಾಸಿಗೆಯಲ್ಲಿ ಕೊರಡಿನಂತೆ ಮಲಗಿದ್ದವನನ್ನೇ ನೋಡಿದ್ದ ನನಗೆ, ಹೀಗೆ ಚುರುಕಾಗಿ ನಡೆಯುವವನು ಬೇರೆ ಯಾರೋ ಅನಿಸಿತು.

“ಮೆಟ್ಟಿಲ ಮೇಲೆ ಕೂತಿರ್ತಾನೆ,” ಯಜಮಾನರು ವಿವರಿಸಿದರು. “ಈ ಕ್ಯಾಮೆರಾಗೆ ಬೆನ್ನಿಲ್ಲ ನೋಡಿ, ಎಲ್ಲಿ ನಿಂತ್ರೂ ಕಾಣುತ್ತೆ. ತೆಗೆಯೋನು ಮರೆಗೆ ಹೋಗ್ಲೇಬೇಕು.”

ನಾನು ಮೆಲ್ಲಗೆ ಕುರ್ಚಿ ತಿರುಗಿಸುತ್ತ ಹೋದೆ. ಹೊಸ ಬಣ್ಣ ಹೊಡೆದ ಗೋಡೆ. ಸ್ವಿಚ್ ಬೋರ್ಡ್ ಇರಬೇಕಾದ ಕಡೆಯೆಲ್ಲ ಚೌಕದ ತೂತು. ಚಾವಣಿಯಲ್ಲಿ ಫ್ಯಾನಿನ ಕೊಕ್ಕೆ ಇದೆ, ಫ್ಯಾನಿಲ್ಲ, ಒಂದು ತುಂಡು ವೈರೂ ಇಲ್ಲ.

“ಇನ್ನೂ ವೈರಿಂಗೇ ಆಗಿಲ್ವಲ್ಲ ಈ ಮನೆಗೆ,” ಎಂದೆ.

“ಎಲ್ಲಾ ಆಗಿದೆ, ನಾಳೆನೇ ಬಂದು ಇರಬಹುದು ಅಂತ ಹೇಳಿದ್ರಪ್ಪ ಮಾರೋರು. ದೊಡ್ಡೋನೇ ಅಂದಿದ್ದ.”

ಇನ್ನೂ ತಿರುಗಿದೆ. ಈಗ ಪೂರಾ ಹಿಂದಕ್ಕೆ. ಅಲ್ಲೊಂದು ಮುಚ್ಚಿದ ಬಾಗಿಲು. ಅದರಾಚೆಗಿನ ಕೋಣೆಯ ಬಾಲ್ಕನಿಯಿಂದಲೇ ಅವನು ಕೆಳಗೆ ಬಿದ್ದದ್ದು.

ನಾನು ನೋಡುತ್ತಿದ್ದ ಹಾಗೇ ಆ ಬಾಗಿಲು ಅಲುಗಿತು.

ಬಾಗಿಲು ಅರ್ಧ ತೆರೆಯಿತು. ನೇರಳೆ ಬಣ್ಣದ ಮಳೆಕೋಟು, ತಲೆಯ ಮೇಲೆ ಟೋಪಿ ಎಳೆದುಕೊಂಡಿದ್ದರಿಂದ ಮುಖದ ಜಾಗದಲ್ಲಿ ಬರೀ ಕತ್ತಲು. ಕೋಟು ಹೊರಗೆ ಒಂದು ಹೆಜ್ಜೆ ಇಟ್ಟಿತು. ಟೋಪಿ ನೇರ ನನ್ನ ಕಡೆ ತಿರುಗಿತು. ಮರುಕ್ಷಣ ಸರಕ್ಕನೆ ಹಿಂದಕ್ಕೆ ಸರಿದು ಬಾಗಿಲ ಮರೆಗೆ ಹೋಯಿತು. ಬಾಗಿಲು ಅಷ್ಟಕ್ಕೇ, ಅರ್ಧ ತೆರೆದೇ ಉಳಿಯಿತು.

ಸ್ವಲ್ಪ ಹೊತ್ತಿಗೆ ದೊಡ್ಡ ಮಗ ಮೆಟ್ಟಿಲೇರಿ ಬಂದ. ಬಾಗಿಲು ನೋಡಿದ. ಅವನ ಮುಖದಲ್ಲಿ ಹೆದರಿಕೆ ಇರಲಿಲ್ಲ, ಕೆಲಸ ಕೆಟ್ಟವನ ಸಿಡುಕು ಇತ್ತು. ಫೋನ್ ಎತ್ತಿ ಒತ್ತಿದ. ಅಲ್ಲಿಗೆ ಎಲ್ಲ ಕಪ್ಪಾಯಿತು.

“ಏನಾದ್ರೂ ಕಾಣ್ತಾ ಮೇಡಂ?”

“ಖಾಲಿ ಹಾಲ್,” ಎಂದು ಸುಳ್ಳು ಹೇಳಿ ಎದ್ದೆ. ನೇರ ಹೊರಬಾಗಿಲ ಪಕ್ಕದ ಗೂಟಗಳ ಹತ್ತಿರ ಹೋದೆ. ಬೆಳಿಗ್ಗೆ ಒಳಗೆ ಬರುವಾಗ ನನ್ನ ಛತ್ರಿ ನೇತುಹಾಕಿದ್ದು ಆ ಗೂಟದ ಸಾಲಿನಲ್ಲೇ. ನನ್ನ ಛತ್ರಿಯ ಪಕ್ಕದಲ್ಲಿ ನೇರಳೆ ಬಣ್ಣದ ಮಳೆಕೋಟು ತೂಗುತ್ತಿತ್ತು.

ಹೆಂಗಸರ ಕೋಟು. ಜೇಬಿನಲ್ಲಿ ಸೊಸೆ ಕೆಲಸ ಮಾಡುವ ಔಷಧಿ ಅಂಗಡಿಯ ಗುರುತಿನ ಬಿಲ್ಲೆ, ಒಂದು ಕೂದಲ ಕ್ಲಿಪ್ಪು.

ನನ್ನ ತಲೆ ಓಡಿತು. ತುಂಬ ಜೋರಾಗಿಯೇ ಓಡಿತು ಎಂದು ಈಗ ಅನಿಸುತ್ತದೆ. ಖಾಲಿ ಮನೆಯಲ್ಲಿ ಕೋಲಿನ ಮೇಲೆ ಒಂದು ಕರೀ ಉಂಡೆ, ವಿಡಿಯೊ ಓಡುವಾಗ ಅದರಲ್ಲಿ ಉರಿಯುವ ಸಾಸಿವೆಯಷ್ಟು ಕೆಂಪು ದೀಪ. ಗೊತ್ತಿಲ್ಲದವರು ಅದನ್ನು ಗಮನಿಸುವುದೇ ಇಲ್ಲ. ಗಮನಿಸಿದರೂ ಇದೇನಪ್ಪ ಎಂದು ಹತ್ತಿರ ಬರುತ್ತಾರೆ. ಕಂಡ ತಕ್ಷಣ ಮರೆಗೆ ಹಾರಬೇಕಾದರೆ ಆ ದೀಪದ ಅರ್ಥ ಗೊತ್ತಿರಬೇಕು. ಗಂಡನ ಜೊತೆ ಮನೆಮನೆಗೆ ಹೋಗುತ್ತಿದ್ದವಳಿಗೆ ಗೊತ್ತು.

ಗಂಡ ಬಿದ್ದ ಮಧ್ಯಾಹ್ನ ಅವಳು ಔಷಧಿ ಅಂಗಡಿಯಲ್ಲಿ ಇರಲಿಲ್ಲ. ಎಲ್ಲಿಗೆ ಹೋಗಿದ್ದೆ ಎಂದು ಕೇಳಿದಾಗಲೆಲ್ಲ ಮಾತು ಹಾರಿಸಿದ್ದಳು. ಇದನ್ನೂ ಲೆಕ್ಕಕ್ಕೆ ಹಿಡಿದೆ.

*

ಒಳಗಿನ ಕೋಣೆಯಲ್ಲಿ ಚಿಕ್ಕ ಮಗ ಸ್ಟೂಲಿನ ಮೇಲೆ ಕೂತು ಗೋಡೆಗೆ ಏನೋ ತಿರುಪುತ್ತಿದ್ದ. ಅವನು ಎಲೆಕ್ಟ್ರಿಷಿಯನ್. ಅಣ್ಣನಿಗಾಗಿ ಹಾಸಿದ್ದ ಹೊಸ ಮಂಚದ ಪಕ್ಕಕ್ಕೆ ಕರೆಗಂಟೆಯ ಸ್ವಿಚ್ ಕೂರಿಸುತ್ತಿದ್ದ.

“ಮಾತು ಬರೋ ತನಕ ಬೇಕಲ್ಲ ಮೇಡಂ,” ಎಂದ ನನ್ನನ್ನು ನೋಡಿ. “ಒಂದು ಬೆರಳು ಆಡಿಸಿದ್ರೆ ಸಾಕು, ಮನೆಗೆಲ್ಲ ಕೇಳುತ್ತೆ.”

ಬಾಗಿಲು ಮುಂದೆ ಮಾಡಿ ಮಂಚದ ತುದಿಗೆ ಕೂತೆ.

“ಕ್ಯಾಮೆರಾ ತಂದಿಟ್ಟ ಮೇಲೆ ಅದನ್ನ ಮುಟ್ಟಿದ್ರಾ?”

“ನಂಗ್ಯಾಕೆ ಅದರ ಉಸಾಬರಿ?”

“ಅಣ್ಣನ ಜೊತೆ ಕೆಲಸಕ್ಕೆ ಯಾವತ್ತಾದ್ರೂ ಹೋಗಿದ್ರಾ?”

“ಒಂದು ದಿನಾನೂ ಇಲ್ಲ. ಅದೆಲ್ಲ ಗಂಡ ಹೆಂಡ್ತಿ ವ್ಯವಹಾರ. ನಂದೇನಿದ್ರೂ ವೈರು, ಸ್ವಿಚ್ಚು.”

“ಆ ಕ್ಯಾಮೆರಾದಲ್ಲಿದ್ದ ವಿಡಿಯೊ ನಾನು ಈಗ ನೋಡ್ಕೊಂಡು ಬಂದೆ.”

ಅವನ ಕೈಯ ಸ್ಕ್ರೂಡ್ರೈವರ್ ಜಾರಿ ಹೊಸ ಬಣ್ಣದ ಮೇಲೆ ಉದ್ದಕ್ಕೆ ಗೀರಿತು.

“ಸಾಧ್ಯಾನೇ ಇಲ್ಲ.”

“ಯಾಕೆ ಸಾಧ್ಯ ಇಲ್ಲ?”

ಅವನು ಗೀರಿನ ಮೇಲೆ ಹೆಬ್ಬೆರಳು ಉಜ್ಜತೊಡಗಿದ.

“ಖಾಲಿ ಕ್ಯಾಮೆರಾ ಅಂತ ಎಲ್ಲರೂ ನಂಬಿದ್ರು. ಅದರಲ್ಲಿ ಇತ್ತು, ಈಗ ಇರಕ್ಕೆ ಸಾಧ್ಯ ಇಲ್ಲ ಅಂತ ಗೊತ್ತಿರೋದು ಒಬ್ಬರಿಗೇ. ಅಳಿಸಿದವರಿಗೆ.”

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. ಅಂಗಿಯ ತೋಳಿನಿಂದ ಹಣೆ ಒರೆಸಿಕೊಂಡ.

“ನಾನೇ ಅಳಿಸಿದ್ದು,” ಎಂದ.

“ಯಾಕೆ?”

“ನೀವು ನೋಡಿದ್ರಲ್ಲ.”

“ನೀವೇ ಹೇಳಿ.”

“ಬೇಡ ಮೇಡಂ.”

“ಹೇಳಿ.”

“ಅತ್ತಿಗೆ!” ದನಿ ಒಡೆಯಿತು. “ಅತ್ತಿಗೆ ಕೋಟು ಅಲ್ವಾ ಅದು? ಆ ಬಣ್ಣದ್ದು ಬೇರೆ ಯಾರ ಹತ್ರ ಇದೆ? ಪೊಲೀಸರು ಕೊಟ್ಟ ದಿನ ಹಾಕಿ ನೋಡ್ದೆ. ಕೈಕಾಲೇ ಬಿದ್ದುಹೋಯ್ತು. ಅಣ್ಣನಂತೂ ಹಿಂಗಾದ. ಅತ್ತಿಗೇನೂ ಜೈಲಿಗೆ ಹೋದ್ರೆ ಈ ಮನೇಲಿ ಏನು ಉಳಿಯುತ್ತೆ? ಅಪ್ಪನ ಗತಿ ಏನು? ಅದಕ್ಕೇ ಅಳಿಸಿಬಿಟ್ಟೆ.”

“ಮುಖ ಕಾಣಲ್ಲ ಅದರಲ್ಲಿ.”

“ಮುಖ ಯಾಕೆ ಬೇಕು? ಕೆಂಪು ದೀಪ ಕಂಡ ತಕ್ಷಣ ಹ್ಯಾಗೆ ಸರಿದ್ರು ನೋಡಿದ್ರಲ್ಲ. ನಾನಾಗಿದ್ರೆ ಎದುರಿಗೇ ಹೋಗಿ ನಿಲ್ತಿದ್ದೆ, ನಂಗೇನು ಗೊತ್ತು? ಅವರಿಗೆ ಅಭ್ಯಾಸ ಆಗ್ಹೋಗಿದೆ.”

ಅಳುವ ಗಂಡಸರನ್ನು ನಾನು ಸುಲಭಕ್ಕೆ ನಂಬುವವಳಲ್ಲ. ಇವನನ್ನು ನಂಬಿದೆ. ನಮ್ಮ ಮನಸ್ಸಿನಲ್ಲಿರುವುದನ್ನೇ ಇನ್ನೊಬ್ಬರು ಬಾಯಿಬಿಟ್ಟು ಹೇಳಿದರೆ ಅವರು ಸತ್ಯವಂತರಾಗಿ ಕಾಣುತ್ತಾರೆ. ಅಷ್ಟೇ ಸಾಲದೆ, ಅತ್ತಿಗೆಯನ್ನು ಕಾಪಾಡಲು ಹೋಗಿ ಒದ್ದಾಡಿದ ಹುಡುಗ ಎಂದು ಮರುಕವೂ ಹುಟ್ಟಿತು.

“ಸಂಜೆ ಅತ್ತಿಗೆನೇ ಹೋಗಿ ಕರ್ಕೊಂಡು ಬರ್ತಾರೆ,” ಎಂದ ಮೂಗೊರೆಸಿಕೊಳ್ಳುತ್ತ. “ನಾಳೆಯಿಂದ ಅಣ್ಣನಿಗೆ ಮಾತ್ರೆ ಕೊಡೋದು ಅವರೇ. ಔಷಧಿ ಅಂಗಡೀಲಿ ಕೆಲಸ ಮಾಡೋರು ಮೇಡಂ…” ಅಲ್ಲಿಗೇ ನಿಲ್ಲಿಸಿದ.

ಆ ಅರ್ಧ ಮಾತು ನನ್ನನ್ನು ಎಬ್ಬಿಸಿ ನಿಲ್ಲಿಸಿತು.

ಪರಿಚಯದ ಡಾಕ್ಟರೊಬ್ಬರ ನರ್ಸಿಂಗ್ ಹೋಮ್ ಇತ್ತು. ಅವರಿಗೆ ಫೋನ್ ಮಾಡಿ ಒಂದು ಹಾಸಿಗೆ ಕೇಳಿದೆ, ಸಿಕ್ಕಿತು. ಅಣ್ಣನನ್ನು ಮನೆಗೆ ತರದೆ, ಅತ್ತಿಗೆಗೆ ಸಿಗದ ಹಾಗೆ ನೇರ ಅಲ್ಲಿಗೇ ಒಯ್ಯುವಂತೆ ಚಿಕ್ಕ ಮಗನಿಗೆ ಹೇಳಿದೆ. ಆಮೇಲೆ ಆಸ್ಪತ್ರೆಯ ವಾರ್ಡಿಗೆ ಮಾಡಿದೆ. ದಿನಾ ಅಲ್ಲಿಗೆ ಹೋಗಿ ಕೂರುತ್ತಿದ್ದರಿಂದ ಅಲ್ಲಿನ ಸಿಸ್ಟರಿಗೆ ನನ್ನ ದನಿ ಗೊತ್ತು.

“ಕಾಗದಕ್ಕೆಲ್ಲ ಅವರ ಹೆಂಡತಿ ಬೆಳಿಗ್ಗೆನೇ ಸಹಿ ಹಾಕಿದಾರೆ, ತೊಂದರೆ ಇಲ್ಲ,” ಎಂದರು ಸಿಸ್ಟರ್. “ಆದ್ರೆ ಸಂಜೆ ತಾವೇ ಬರ್ತೀನಿ ಅಂದಿದ್ರು.”

“ಅವರು ಬರೋದು ತಡ ಆಗುತ್ತೆ. ತಮ್ಮ ಬರ್ತಿದಾರೆ, ಅವರ ಜೊತೆ ಕಳಿಸಿಕೊಡಿ.”

“ನೀವು ಹೇಳಿದ್ರೆ ಸರಿ ಮೇಡಂ.”

ಚಿಕ್ಕ ಮಗ ಸ್ಟೂಲನ್ನು ಗೋಡೆಗೆ ಒತ್ತರಿಸಿಟ್ಟು, ವ್ಯಾನಿನ ಕೀಲಿ ತೆಗೆದುಕೊಂಡ. ಹಾಲ್ ದಾಟುವಾಗ ಯಜಮಾನರ ಭುಜ ಮುಟ್ಟಿ, “ಅಪ್ಪ, ಅಣ್ಣನ್ನ ಕರ್ಕೊಂಡು ಬರ್ತೀನಿ,” ಎಂದ.

“ಹುಷಾರಾಗಿ ಓಡ್ಸು. ಉಬ್ಬುತಗ್ಗಲ್ಲಿ ಎತ್ತಾಕ್ಬೇಡ ಅವನನ್ನ,” ಎಂದರು ಅವರು, ಮುಖವೆಲ್ಲ ನಗುವಾಗಿ.

*

ಆ ನಗು ನೋಡಿ ನನಗೆ ಕಸಿವಿಸಿಯಾಯಿತು. ಸೊಸೆಯ ವಿಷಯ ಈ ಮನುಷ್ಯನಿಗೆ ಹೇಗೆ ಹೇಳುವುದು? ನೇರ ಹೇಳಿದರೆ ಎದೆ ಒಡೆದುಕೊಂಡಾರು. ಮಧ್ಯಾಹ್ನದ ಊಟ ಮುಗಿಯುವ ತನಕ ಮಾತು ಮುಂದೂಡಿ, ಕೊನೆಗೆ ಸುತ್ತುಬಳಸಿ ಶುರುಮಾಡಿದೆ.

“ಯಜಮಾನ್ರೇ, ಕ್ಯಾಮೆರಾ ಓಡೋವಾಗ ನಿಮ್ಮ ಸೊಸೆ ಎಲ್ಲಿ ಅಡಗ್ತಾಳೆ?”

“ಗಂಡನ ಜೊತೆ ಮೆಟ್ಟಿಲಲ್ಲೋ, ಹೊರಗೋ.”

“ಗೊತ್ತಾಗ್ದೆ ನಡುವೆ ಒಳಗೆ ಬಂದುಬಿಟ್ರೆ? ದೀಪ ನೋಡಿ ಥಟ್ಟನೆ ಮರೆಗೆ ಹೋಗ್ತಾಳೆ, ಅಲ್ವಾ?”

ಯಜಮಾನರು ಕೈಲಿದ್ದ ಊರುಗೋಲನ್ನು ನೆಲಕ್ಕೆ ಕುಟ್ಟಿ ನಕ್ಕರು.

“ಮರೆಗೆ ಹೋದ್ರೆ ಗಂಡ ಮನೆಯಿಂದ ಓಡಿಸ್ತಾನೆ! ನೀವು ಬೆಳಿಗ್ಗೆ ನೋಡಿ ಕಿರುಚಿಕೊಂಡ್ರಲ್ಲ, ಅಡುಗೆಮನೆ ಮೂಲೇಲಿ ಕೈ ಎತ್ತಿ ನಿಂತಿದ್ಲು, ಯಾಕೆ ಅಂದ್ಕೊಂಡ್ರಿ?”

ನಾನು ಹೆಡ್‌ಸೆಟ್ ಕಡೆ ನೋಡಿದೆ.

“ಅದು ಅವರ ಕೆಲಸದ ಮೊದಲ ಪಾಠ ಮೇಡಂ. ಕ್ಯಾಮೆರಾ ಕಣ್ಣಿಗೆ ಸಿಕ್ಕಿಬಿದ್ರೋ, ಅಲುಗಬಾರದು. ಇದ್ದಲ್ಲೇ ಕಂಬದ ಹಾಗೆ ನಿಂತು ಕೈ ಎತ್ತಬೇಕು. ಕೈ ನೋಡಿದ್ರೆ ಆಮೇಲೆ ಅವನಿಗೆ ಗೊತ್ತಾಗುತ್ತೆ, ಇಲ್ಲಿ ಕತ್ತರಿಸಬೇಕು ಅಂತ. ಬೇರೆ ಹೊತ್ತಲ್ಲಿ ಖಾಲಿ ಇದ್ದ ಅದೇ ಮೂಲೆ ತಂದು ಅಂಟಿಸ್ತಾನೆ, ಇವಳು ಮಾಯ. ಆದ್ರೆ ಓಡಿಹೋದ್ರೆ? ಬಾಗಿಲು ಅಲುಗಾಡುತ್ತೆ. ಬಾಗಿಲು ಅಲುಗಿದ್ರೆ ಇಡೀ ಕೋಣೆ ಬೆಳಕೇ ಬದಲಾಗುತ್ತೆ. ಹಿಂದಿಂದು ಮುಂದಿಂದು ಒಂದಕ್ಕೊಂದು ಕೂಡಲ್ಲ. ತೆಗೆದಿದ್ದೆಲ್ಲ ದಂಡ.”

“ಅಂದ್ರೆ, ಅವಳು…”

“ಒಂದ್ಸಲ ಕಾಲ ಮೇಲೆ ಜಿರಳೆ ಹತ್ತಿದ್ರೂ ಅಲುಗಿಲ್ಲ ನಮ್ಮ ಹುಡುಗಿ. ಬೇಕಾದ್ರೆ ಆ ಮನೆ ಹಾಕ್ತೀನಿ, ನೋಡಿ. ಹೆದರ್ಕೊಂಡು ಅಡಗೋರು ಕೆಲಸ ಗೊತ್ತಿಲ್ದೋರು. ಬ್ರೋಕರುಗಳು, ಮನೆ ಮಾಲೀಕರು. ಅವರೆಲ್ಲ ದೀಪ ಕಂಡ ತಕ್ಷಣ ಬಾಗಿಲ ಹಿಂದೆ ಹಾರ್ತಾರೆ.”

ನಾನು ಆ ವಿಡಿಯೊವನ್ನು ತಲೆಯಲ್ಲೇ ಮತ್ತೆ ಓಡಿಸಿದೆ.

ಹತ್ತಾರು ಮನೆಗಳಲ್ಲಿ ಅಲುಗದೆ ನಿಂತವಳು ಆ ಒಂದು ಮನೆಯಲ್ಲಿ ಬಾಗಿಲು ಅರ್ಧ ತೆರೆದು ಓಡಿದಳೇ? ಆ ಮಧ್ಯಾಹ್ನ ಅವಳು ಎಲ್ಲಿಗೆ ಹೋಗಿದ್ದಳೋ, ಅಲ್ಲಿಗಂತೂ ಹೋಗಿರಲಿಲ್ಲ. ಆ ದೀಪ ಏನೆಂದು ಗೊತ್ತಿದ್ದೂ ಕೆಲಸ ಗೊತ್ತಿಲ್ಲದವರು ಯಾರು? ಕ್ಯಾಮೆರಾದ ಮನೆಯಲ್ಲೇ ಇದ್ದು, ಒಂದು ದಿನವೂ ಅದರ ಹಿಂದೆ ಹೋಗದವರು. ಅವನೇ ಹೇಳಿದ್ದ, ಹೆಮ್ಮೆಯಿಂದ ಹೇಳಿದ್ದ.

ಆಮೇಲೆ ಗೋಡೆಯ ಚೌಕದ ತೂತುಗಳು. ಎಲ್ಲ ಆಗಿದೆ ಎಂದು ಮಾರುವವರು ಹೇಳಿದ ಮನೆಯಲ್ಲಿ ಒಂದು ತುಂಡು ವೈರಿಲ್ಲ. ಖಾಲಿ ಮನೆಗಳ ಕೀಲಿಗಳೆಲ್ಲ ಬಂದು ಸೇರುವುದು ಈ ಹಾಲ್‌ನ ಕಪಾಟಿಗೆ. ಕಪಾಟಿಗೆ ಬೀಗವಿಲ್ಲ, ನಕಲು ಕೀಲಿ ಮಾಡಿಸುವುದು ಕಷ್ಟವಲ್ಲ. ಮಳೆ ಬಂದ ದಿನ ಗೂಟದಲ್ಲಿ ಯಾವ ಕೋಟು ಸಿಕ್ಕಿತೋ ಅದನ್ನೇ ಹಾಕಿಕೊಂಡು ಹೋಗಿದ್ದಾನೆ. ಕದ್ದು ಮಾರಲೆಂದು ಒಳಕೋಣೆಯಲ್ಲಿ ವೈರು ಕಿತ್ತುಕೊಳ್ಳುತ್ತಿದ್ದವನಿಗೆ, ಅಣ್ಣ ಬಂದದ್ದು ಮಳೆಯ ಸದ್ದಿನಲ್ಲಿ ಕೇಳಿಸಿಲ್ಲ. ಅಣ್ಣನ ಕೈಗೆ ಸಿಕ್ಕಿಬಿದ್ದು, ಅವನನ್ನು ಬಾಲ್ಕನಿಯಿಂದ ತಳ್ಳಿದ್ದಾನೆ.

ನಾನು ಬಾಯಿಬಿಟ್ಟು ಹೇಳಿದ್ದು ಒಂದೇ ಮಾತು. “ಆ ವಿಡಿಯೊದಲ್ಲಿ ಬಾಗಿಲು ಅಲುಗಿತು, ಯಜಮಾನ್ರೇ.”

ಅವರ ನಗು ಮುಖದ ಮೇಲೇ ನಿಂತುಹೋಯಿತು.

ಬಸ್ ಓಡಿಸಿದ ಮನುಷ್ಯ. ಎದುರಿನ ತಿರುವನ್ನು ಮೊದಲೇ ಊಹಿಸುವ ಅಭ್ಯಾಸವಿರಬೇಕು. ನನ್ನನ್ನು ನೋಡಿದರು, ಒಳಕೋಣೆಯ ಬಾಗಿಲನ್ನು ನೋಡಿದರು, ಆಮೇಲೆ ಬೀದಿಯ ಕಡೆ. ಗಾಲಿಕುರ್ಚಿಯನ್ನು ಹೊರಬಾಗಿಲ ಕಡೆಗೆ ಒಂದು ಮೊಳ ಉರುಳಿಸಿ ನಿಲ್ಲಿಸಿದರು.

“ನಾನೇನಾದ್ರೂ ಹೇಳಬಾರದ್ದು ಹೇಳಿಬಿಟ್ಟೆನಾ ಮೇಡಂ?” ಎಂದರು.

ಅವರ ಒಬ್ಬ ಮಗನನ್ನು ಉಳಿಸುವ ಮಾತು ಇನ್ನೊಬ್ಬ ಮಗನನ್ನು ಹಿಡಿದುಕೊಟ್ಟಿತ್ತು. ಚಿಕ್ಕ ಮಗನ ನಂಬರ್ ಒತ್ತಿದೆ. ಸ್ವಿಚ್ ಆಫ್. ಮತ್ತೆ ಒತ್ತಿದೆ. ಸ್ವಿಚ್ ಆಫ್.

ನರ್ಸಿಂಗ್ ಹೋಮಿಗೆ ಮಾಡಿದೆ. “ಇಲ್ಲ ಮೇಡಂ, ಯಾರೂ ಬಂದಿಲ್ಲ. ಹಾಸಿಗೆ ರೆಡಿ ಇದೆ,” ಎಂದರು.

ವಾರ್ಡಿನ ನಂಬರ್ ಹುಡುಕುತ್ತಿದ್ದಾಗಲೇ ನನ್ನ ಫೋನ್ ರಿಂಗಾಯಿತು. ಸೊಸೆ.

“ಅಕ್ಕಾ, ಇವತ್ತು ಅಂಗಡಿ ಬೇಗ ಬಿಟ್ಟು ಆಸ್ಪತ್ರೆಗೆ ಬಂದೆ.” ಓಡಿ ಬಂದವಳ ಏದುಸಿರು. “ಹಾಸಿಗೆ ಖಾಲಿ ಇದೆ. ಮೈದುನ ಬಂದು ಕರ್ಕೊಂಡು ಹೋದ್ರಂತೆ, ಆಗ್ಲೇ ತುಂಬಾ ಹೊತ್ತಾಯ್ತಂತೆ. ನೀವೇ ಫೋನ್ ಮಾಡಿ ಕಳಿಸಿ ಅಂದ್ರಿ ಅಂತ ಸಿಸ್ಟರ್ ಹೇಳ್ತಿದಾರೆ. ಸುಳ್ಳು ತಾನೇ ಅಕ್ಕಾ? ನೀವು ಯಾಕೆ ಹಾಗೆ ಹೇಳ್ತೀರಾ?”

ನನ್ನನ್ನೇ ನಂಬಿದವಳ ಮೇಲೆ ಸಂಶಯಪಟ್ಟು, ಅವಳ ಗಂಡನನ್ನು ನಾನೇ ಎತ್ತಿ ಕೊಟ್ಟಿದ್ದೆ.

“ನಾನೇ ಹೇಳಿದ್ದು,” ಎಂದೆ. “ಪೊಲೀಸರಿಗೆ ಫೋನ್ ಮಾಡು. ವ್ಯಾನಿನ ನಂಬರ್ ಕೊಡು. ಈಗಲೇ.”

ಆ ಕಡೆ ಫೋನ್ ಕಟ್ಟಾಯಿತು.

ಅಷ್ಟರಲ್ಲಿ ಯಜಮಾನರ ಮಡಿಲಲ್ಲಿದ್ದ ಫೋನ್ ಹೊಡೆದುಕೊಳ್ಳಲು ಶುರುವಾಯಿತು. ಯಾವುದೋ ಗುರುತಿಲ್ಲದ ನಂಬರ್. ನಾನೇ ಒತ್ತಿ ಸ್ಪೀಕರಿಗೆ ಹಾಕಿದೆ.

“ಅಪ್ಪಾ.” ಚಿಕ್ಕ ಮಗನ ದನಿ. ಹಿಂದೆ ವ್ಯಾನಿನ ಸದ್ದಿಲ್ಲ, ಬೀದಿಯ ಸದ್ದಿಲ್ಲ. ಎಲ್ಲೋ ನಿಲ್ಲಿಸಿದ್ದಾನೆ.

“ಎಲ್ಲಿದೀಯೋ ಮಗಾ?” ಯಜಮಾನರು ಕೂಗಿದರು. “ಅಣ್ಣ ಎಲ್ಲಿ? ಏನೂ ಮಾಡ್ಬೇಡ ಕಣೋ, ಮನೆಗೆ ಬಾ. ಇಬ್ಬರೂ ಮನೆಗೆ ಬನ್ನಿ.”

ಅವನು ಪಿಸುದನಿಯಲ್ಲಿ ಹೇಳಿದ:

“ಅಪ್ಪಾ, ಅಣ್ಣ ಮಾತಾಡಿದ.”